ಶ್ರುತಿ ಸರಿಯಿತ್ತು, ನಾದ ಒಂದಾಗಿರಲಿಲ್ಲ: ಒಂದು ಹೊಸ ಗ್ರ್ಯಾಂಡ್ ಪಿಯಾನೊದ ಪ್ರಕರಣ

ಮನೆಯವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಬಡಾವಣೆ, ಪಿಯಾನೊ ತಯಾರಿಸಿದ ಕಂಪನಿ, ಮಾರಿದ ಅಂಗಡಿ ಯಾವುದನ್ನೂ ಹೇಳುವುದಿಲ್ಲ, ಗುರುತು ಹತ್ತುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಕೀಗಳ ಸಂಖ್ಯೆ, ಅಳತೆ, ಮಾಡಿದ ಕೆಲಸದ ಕ್ರಮ ಮಾತ್ರ ನನ್ನ ನೋಟ್‌ಬುಕ್ಕಿನಲ್ಲಿ ಇದ್ದಂತೆಯೇ ಇವೆ. ಪಿಯಾನೊ ಕೆಲಸ ಕಲಿಯುತ್ತಿರುವ ಹುಡುಗರಿಗೂ ಹೊಸ ಪಿಯಾನೊ ಕೊಂಡು ತಲೆಬಿಸಿ ಮಾಡಿಕೊಂಡವರಿಗೂ ಇದರಿಂದ ಉಪಯೋಗವಾದೀತು.

ಹಿನ್ನೆಲೆ

ಮೈಸೂರಿನ ಒಂದು ಮನೆ. ಮನೆಯಾಕೆ ಮೂವತ್ತು ವರ್ಷದಿಂದ ಪಿಯಾನೊ ಪಾಠ ಹೇಳುತ್ತಿದ್ದಾರೆ. ಇಷ್ಟು ದಿನ ಅವರ ಹತ್ತಿರ ಇದ್ದದ್ದು ತಂದೆ ಕೊಂಡಿದ್ದ ಹಳೆಯ ಅಪ್‌ರೈಟ್, ಅಂದರೆ ಗೋಡೆಗೆ ಒರಗಿಸಿಡುವ ನಿಲುವು ಪಿಯಾನೊ. ಆ ತಂದೆ ಪಿಯಾನೊ ಕಲಿತದ್ದು ಜಯಚಾಮರಾಜ ಒಡೆಯರ ಕಾಲದಲ್ಲಿ. ಒಡೆಯರು ಸ್ವತಃ ಪಿಯಾನೊ ನುಡಿಸುತ್ತಿದ್ದರು. ರಷ್ಯದ ಸಂಯೋಜಕ ನಿಕೊಲಾಯ್ ಮೆಡ್ಟ್‌ನರ್ ಲಂಡನ್ನಿನಲ್ಲಿ ತಮ್ಮ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರೂ ಅವರೇ. ಮೆಡ್ಟ್‌ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು ಎಂಬ ಮಾತು ಈ ಮನೆಯಲ್ಲಿ ಊಟದ ಹೊತ್ತಿನಲ್ಲೂ ಬರುತ್ತದೆ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಈ ಮನೆಯ ಕಿವಿ ಎರಡು ತಲೆಮಾರಿನದು, ಆದರೆ ಅದು ಪಳಗಿದ್ದು ಒಂದೇ ಒಂದು ವಾದ್ಯದ ನಾದಕ್ಕೆ. ಆ ಅಪ್‌ರೈಟಿನ ನಾದ ಮೆತ್ತಗೆ, ದುಂಡಗೆ, ಸ್ವಲ್ಪ ಮಂಕಾಗಿಯೂ ಇತ್ತು.

ನವೆಂಬರಿನಲ್ಲಿ ಹೊಸ ಗ್ರ್ಯಾಂಡ್, ಅಂದರೆ ತಂತಿಗಳು ಅಡ್ಡಲಾಗಿ ಮಲಗಿರುವ ಪಿಯಾನೊ ಬಂತು, ಉದ್ದ 186 ಸೆಂಟಿಮೀಟರ್. ಅಂಗಡಿಯ ಕಡೆಯವರು ಬಂದು ಕಾಲು ಜೋಡಿಸಿ, ಒಮ್ಮೆ ಟ್ಯೂನ್ ಮಾಡಿ ಹೋದರು. ಡಿಸೆಂಬರಿನಲ್ಲಿ ಕರೆದಾಗ ಮತ್ತೊಬ್ಬರು ಬಂದು, "ಕೆಲವು ಸ್ವರ ಜೋರಾಗಿವೆ" ಎಂದದ್ದಕ್ಕೆ ಇಪ್ಪತ್ತು ನಿಮಿಷದಲ್ಲಿ ನಾಲ್ಕು ಹ್ಯಾಮರಿಗೆ ಸೂಜಿ ಚುಚ್ಚಿ ಹೋದರು. ಆಮೇಲಿನ ಕರೆಗೆ ಸಿಕ್ಕ ಉತ್ತರ, "ಹೊಸದು ಮೇಡಂ, ನುಡಿಸ್ತಾ ನುಡಿಸ್ತಾ ಸರಿ ಹೋಗುತ್ತೆ."

ಅದರಲ್ಲಿ ಅರ್ಧ ನಿಜವಿದೆ. ಹ್ಯಾಮರ್ ಎಂದರೆ ಕೀ ಒತ್ತಿದಾಗ ತಂತಿಗೆ ಬಡಿಯುವ ತುಂಡು, ಮರದ ಅಚ್ಚಿನ ಮೇಲೆ ಬಿಗಿಯಾಗಿ ಎಳೆದು, ಬಿಸಿಯಲ್ಲಿ ಒತ್ತಿ ಅಂಟಿಸಿದ ಕುರಿಯ ಉಣ್ಣೆಯ ಫೆಲ್ಟ್. ನುಡಿಸಿದಷ್ಟೂ ಅದರ ನೆತ್ತಿ ಅಡಕವಾಗುತ್ತದೆ, ಸ್ವರ ಹರಿತವಾಗುತ್ತದೆ. ಆದರೆ ಯಾರೂ 88 ಕೀಗಳನ್ನು ಸಮನಾಗಿ ನುಡಿಸುವುದಿಲ್ಲ. ಪಾಠದ ಮನೆಯಲ್ಲಂತೂ ನಡುವಿನ ಎರಡು ಮೂರು ಸ್ಥಾಯಿಗಳ ಮೇಲೆಯೇ ಮಕ್ಕಳ ಬೆರಳು ಓಡುತ್ತವೆ. ಹಾಗಾಗಿ ಶುರುವಿನಲ್ಲಿ ಇದ್ದ ಏರುಪೇರು ನುಡಿಸುತ್ತಾ ಕಡಿಮೆಯಾಗುವ ಬದಲು ಹೆಚ್ಚಾಗುವುದೇ ಜಾಸ್ತಿ.

ತೊಂದರೆ ಏನು

ಜನವರಿಯಲ್ಲಿ ನನಗೆ ಫೋನ್ ಬಂತು. "ಟ್ಯೂನಿಂಗ್ ಸರಿಯಾಗೇ ಇದೆ ಸರ್. ಆದರೆ ಒಂದು ಸ್ವರ ಗಾಜು ಒಡೆದ ಹಾಗೆ, ಪಕ್ಕದ್ದು ಬಾಯಿಗೆ ಬಟ್ಟೆ ತುರುಕಿದ ಹಾಗೆ. ಮಗು ಒಂದು ಸ್ಕೇಲ್ ನುಡಿಸಿದರೆ ಮೆಟ್ಟಿಲು ಇಳಿಯೋವಾಗ ಒಂದು ಮೆಟ್ಟಿಲು ಇಲ್ಲದ ಹಾಗೆ ಆಗುತ್ತೆ."

ಇಷ್ಟು ಸರಿಯಾಗಿ ತೊಂದರೆ ಹೇಳುವವರು ಸಿಗುವುದು ಅಪರೂಪ. ಶ್ರುತಿ ಬೇರೆ, ನಾದ ಬೇರೆ. ತಂಬೂರಿಯ ನಾಲ್ಕೂ ತಂತಿ ಶ್ರುತಿಗೆ ಕೂತಿದ್ದರೂ ಕುದುರೆಯ ಮೇಲಿನ ದಾರ ಒಂದು ತಂತಿಯಡಿ ಸರಿಯಾಗಿ ಕೂರದಿದ್ದರೆ ಆ ತಂತಿಗೆ ಜೀವ ಬರುವುದಿಲ್ಲ. ಅದನ್ನು ಶ್ರುತಿ ದೋಷ ಎಂದು ಯಾರೂ ಕರೆಯುವುದಿಲ್ಲ. ಪಿಯಾನೊದಲ್ಲಿ ಆ ಜೀವದ ಕೆಲಸಕ್ಕೆ ವಾಯ್ಸಿಂಗ್ ಎನ್ನುತ್ತೇವೆ.

ಫೆಲ್ಟ್ ಗಟ್ಟಿಯಿದ್ದರೆ ಅದು ತಂತಿಯನ್ನು ತಾಗಿ ಬೇಗ ಹಿಂದೆ ನೆಗೆಯುತ್ತದೆ. ತಂತಿಯ ಮೇಲಿನ ಅತಿ ಸಣ್ಣ ಕಂಪನಗಳೂ ಉಳಿದುಕೊಂಡು ಸ್ವರ ಹೊಳೆಯುತ್ತದೆ. ಮೆತ್ತಗಿದ್ದರೆ ಇನ್ನೂ ಒಂದು ಕ್ಷಣ ಹೆಚ್ಚು ಅಂಟಿಕೊಂಡಿದ್ದು ಆ ಕಂಪನಗಳನ್ನು ತಾನೇ ನುಂಗಿಬಿಡುತ್ತದೆ. ಈ ತಾಗುವಿಕೆಯ ಅವಧಿ ಸೆಕೆಂಡಿನ ಸಾವಿರದ ಕೆಲವೇ ಭಾಗ. ಅದರ ಜೊತೆಗೆ, ಫೆಲ್ಟ್ ಎಷ್ಟು ಒತ್ತಿದರೆ ಅಷ್ಟು ಗಟ್ಟಿಯಾಗುವ ವಸ್ತು. ಮೆಲ್ಲಗೆ ನುಡಿಸಿದಾಗ ಮೇಲ್ಪದರ ಮಾತ್ರ ಮಾತಾಡುತ್ತದೆ, ಜೋರಾಗಿ ನುಡಿಸಿದಾಗ ಒಳಗಿನ ಪದರಗಳೂ ಮಾತಾಡುತ್ತವೆ. ಮುಂದೆ ಇಡೀ ಪ್ರಕರಣ ತಿರುಗುವುದು ಇದರ ಮೇಲೆ, ಆದ್ದರಿಂದ ನೆನಪಿನಲ್ಲಿಟ್ಟುಕೊಳ್ಳಿ.

ಸೂಜಿ ತೆಗೆಯುವ ಮೊದಲು

ನಾನೂ ನನ್ನ ಜೊತೆ ಕೆಲಸ ಕಲಿಯುತ್ತಿರುವ ಹುಡುಗನೂ ಹೋದಾಗ ಮೇಡಂ 11 ಕೀಗಳ ಮೇಲೆ ಹಳದಿ ಚೀಟಿ ಅಂಟಿಸಿಟ್ಟಿದ್ದರು. ಎಲ್ಲ ಚೀಟಿಗಳ ಜಾಗ ಬರೆದುಕೊಂಡು ಅವನ್ನು ತೆಗೆಸಿದೆ. ಕಣ್ಣಿಗೆ ಚೀಟಿ ಕಂಡರೆ ಕಿವಿ ಅದನ್ನೇ ದೂರುತ್ತದೆ. ನಾನು ನುಡಿಸುವಾಗ ಹುಡುಗ ಬೆನ್ನು ತಿರುಗಿಸಿ ಬರೆದುಕೊಂಡ, ಅವನು ನುಡಿಸುವಾಗ ನಾನು ಬರೆದುಕೊಂಡೆ. ಪ್ರತಿ ಸ್ವರವನ್ನೂ ತೀರಾ ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ಹೀಗೆ ಮೂರು ಸಲ ನುಡಿಸಿದೆವು. ಇಬ್ಬರ ಪಟ್ಟಿಯಲ್ಲೂ ಇದ್ದದ್ದು 16 ಸ್ವರ. ಅವುಗಳಲ್ಲಿ 7 ಮೇಡಂ ಚೀಟಿ ಹಚ್ಚಿದ್ದವು, 9 ಅವರು ಗುರುತಿಸದೆ ಬಿಟ್ಟವು. ಅವರ ಉಳಿದ 4 ಚೀಟಿಗಳ ಸ್ವರಗಳಲ್ಲಿ ನಮಗೆ ಏನೂ ತಪ್ಪು ಕೇಳಲಿಲ್ಲ.

ಆ ನಾಲ್ಕರ ಬಗ್ಗೆ ಸುಮ್ಮನಿರಬಹುದಿತ್ತು. ಆದರೆ ಮೂವತ್ತು ವರ್ಷದ ಕಿವಿ ಸುಮ್ಮನೆ ದೂರುವುದಿಲ್ಲ. "ಮೇಡಂ, ನೀವು ಎಲ್ಲಿ ನಿಂತು ಕೇಳ್ತೀರಿ?" ಎಂದು ಕೇಳಿದೆ. ಅವರು ಹೋಗಿ ಪಿಯಾನೊದ ಸೊಂಟ ಬಾಗುವ ಕಡೆ, ಕಿಟಕಿಯ ಪಕ್ಕ ನಿಂತರು. ಪಾಠ ಹೇಳುವಾಗ ಅವರು ಯಾವಾಗಲೂ ನಿಲ್ಲುವ ಜಾಗ ಅದು. ಕೆಳಗೆ ಗ್ರಾನೈಟ್ ನೆಲ, ಹಿಂದೆ ದೊಡ್ಡ ಗಾಜು. ನಾನೂ ಅಲ್ಲೇ ಹೋಗಿ ನಿಂತೆ. ಅವರು ಹೇಳಿದ ಸ್ವರಗಳು ಅಲ್ಲಿ ನಿಜಕ್ಕೂ ಚುಚ್ಚುತ್ತಿದ್ದವು. ಮಹಡಿಯಲ್ಲಿ ಸುತ್ತಿಟ್ಟಿದ್ದ ಜಮಖಾನವನ್ನು ತರಿಸಿ ಪಿಯಾನೊದ ಅಡಿ ಹಾಸಿ, ಪರದೆ ಎಳೆದೆವು. ನಾಲ್ಕರಲ್ಲಿ ಮೂರು ಸರಿಯಾದವು ಎಂದು ಮೇಡಂ ತಾವೇ ಹೇಳಿದರು. ನಾಲ್ಕನೆಯದರಲ್ಲಿ, ಅಂದರೆ ಎಡದಿಂದ ಎಣಿಸಿದರೆ 67ನೇ ಕೀಯಲ್ಲಿ, ಒಂದೇ ತಂತಿಯನ್ನು ಮೀಟಿದರೂ ಅಲೆಯಲೆಯಾಗಿ ಕಂಪಿಸುವ ಸುಳ್ಳು ಬೀಟ್ ಇತ್ತು. ಅದು ತಂತಿಯ ದೋಷ, ಇಲ್ಲವೇ ತಂತಿ ಹಾದುಹೋಗುವ ಮರದ ಸೇತುವೆಯ ಪಿನ್ನಿನ ದೋಷ. ಹ್ಯಾಮರಿಗೆ ಎಷ್ಟು ಚುಚ್ಚಿದರೂ ಹೋಗುವುದಿಲ್ಲ. ವಾರಂಟಿಯಲ್ಲಿ ಕೇಳಿ ಎಂದು ಬರೆದುಕೊಟ್ಟೆ.

ಆ ದಿನ ಒಂದು ಕ್ರಮ ಹಾಕಿಕೊಂಡೆ. ಹಿಂದಕ್ಕೆ ತಿರುಗಿಸಬಹುದಾದ ಕೆಲಸಗಳೆಲ್ಲ ಮೊದಲು, ತಿರುಗಿಸಲಾಗದ ಕೆಲಸ ಕೊನೆಗೆ. ಟ್ಯೂನಿಂಗ್ ಮತ್ತೆ ಮಾಡಬಹುದು, ಸ್ಕ್ರೂ ಮತ್ತೆ ತಿರುಗಿಸಬಹುದು, ಜಮಖಾನ ಮಡಚಿಡಬಹುದು. ಸೂಜಿ ಹರಿದ ಉಣ್ಣೆಯ ಎಳೆ ಮಾತ್ರ ಮತ್ತೆ ಕೂಡುವುದಿಲ್ಲ. ಪಿಯಾನೊ ವಾರಂಟಿಯಲ್ಲಿ ಇದ್ದುದರಿಂದ ಅಂಗಡಿಯವರಿಗೆ ಫೋನ್ ಮಾಡಿ, ಹ್ಯಾಮರಿನ ಕೆಲಸಕ್ಕೆ ಅಭ್ಯಂತರವಿಲ್ಲ ಎಂದು ಮೆಸೇಜಿನಲ್ಲಿ ಬರೆಸಿಕೊಂಡೆ. ಈ ಹೆಜ್ಜೆ ತಪ್ಪಿಸಿ ಆಮೇಲೆ ಸಿಕ್ಕಿಬಿದ್ದವರನ್ನು ನೋಡಿದ್ದೇನೆ.

ಮೊದಲನೆಯ ದಿನ

ಟ್ಯೂನಿಂಗಿನಿಂದ ಶುರು ಮಾಡಿದೆ. "ಟ್ಯೂನಿಂಗ್ ಸರಿಯಾಗೇ ಇದೆ" ಎಂಬ ಮಾತು ಒಟ್ಟಾರೆ ಸರಿಯಿತ್ತು, ಎ ಸ್ವರ 440 ಹರ್ಟ್ಸ್‌ನಲ್ಲೇ ಇತ್ತು. ಆದರೆ ಪಿಯಾನೊದ ಹೆಚ್ಚಿನ ಸ್ವರಗಳಿಗೆ ಮೂರು ಮೂರು ತಂತಿ. ಆ ಮೂರರಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಸ್ವರ ತೆಳ್ಳಗೋ ಒರಟಾಗೋ ಕೇಳುತ್ತದೆ, ನಾವು ಹ್ಯಾಮರನ್ನು ಬೈಯುತ್ತೇವೆ. ಹೊಸ ತಂತಿ ಮೊದಲ ವರ್ಷವಿಡೀ ಎಳೆದುಕೊಳ್ಳುತ್ತಲೇ ಇರುತ್ತದೆ. ಮೂರು ತಂತಿಗಳನ್ನೂ ಒಂದು ಮಾಡಿದ ಮೇಲೆ 16ರ ಪಟ್ಟಿ 13ಕ್ಕೆ ಇಳಿಯಿತು.

ಆಮೇಲೆ ಆಕ್ಷನ್, ಅಂದರೆ ಕೀ ಒತ್ತಿದಾಗ ಹ್ಯಾಮರನ್ನು ತಂತಿಗೆ ಎಸೆಯುವ ಯಂತ್ರಭಾಗವನ್ನು ಹೊರಗೆಳೆದು ಸ್ಕ್ರೂ ನೋಡಿದೆವು. ಪ್ರತಿ ಹ್ಯಾಮರಿನ ಕೀಲು ಒಂದೊಂದು ಸ್ಕ್ರೂವಿನಿಂದ ಪಟ್ಟಿಗೆ ಬಿಗಿದಿರುತ್ತದೆ. ಕಾರ್ಖಾನೆ ಬಿಟ್ಟ ಮರ ಹಡಗು ಹತ್ತಿ, ಗೋದಾಮಿನಲ್ಲಿ ಕೂತು, ಮೈಸೂರಿನ ಜನವರಿಯ ಒಣಹವೆಗೆ ಬಂದಾಗ ಸ್ವಲ್ಪ ಕುಗ್ಗುತ್ತದೆ. ಆ ದಿನ ಕೋಣೆಯ ತೇವಾಂಶ 38 ಶೇಕಡಾ ಇತ್ತು. ಅರ್ಧಕ್ಕಿಂತ ಹೆಚ್ಚು ಸ್ಕ್ರೂಗಳು ಕಾಲು ಸುತ್ತು ತಿರುಗಿದವು. ಸಡಿಲ ಕೀಲಿನ ಹ್ಯಾಮರ್ ಹೊಡೆದರೆ ಆ ಪೆಟ್ಟಿನ ಬಲ ಅಲ್ಲೇ ಅಲುಗಾಡಿ ಸೋರಿಹೋಗುತ್ತದೆ. ಬಿಗಿದ ಮೇಲೆ ಕೆಳಸ್ಥಾಯಿಗೆ ಒಂದು ಗಟ್ಟಿತನ ಬಂತು. ಅದನ್ನು ಯಾರೂ ಕೇಳಿರಲಿಲ್ಲ, ಆದರೆ ಮೇಡಂ ಅಡುಗೆಮನೆಯಿಂದಲೇ "ಈಗ ಏನು ಮಾಡಿದ್ರಿ?" ಎಂದರು.

ತಪ್ಪು ಮಾಡಲು ನಾನು ತೀರಾ ಹತ್ತಿರ ಹೋದದ್ದು ಇದರ ನಂತರ. 59ನೇ ಕೀ, ಮಧ್ಯದ ಸಿ ಬಿಟ್ಟು ಒಂದು ಸ್ಥಾಯಿ ಮೇಲೆ ಹೋದರೆ ಸಿಗುವ ಜಿ. ಆ ಪಿಯಾನೊದ ಅತಿ ಕಿರಿಚುವ ಸ್ವರ ಅದೇ ಆಗಿತ್ತು. ಮೇಡಂ ಹೇಳಿದ ಒಡೆದ ಗಾಜು ಅದೇ. ಹ್ಯಾಮರನ್ನು ಬೆರಳಿನಲ್ಲಿ ಒತ್ತಿದೆ, ಗಟ್ಟಿಯಾಗಿಯೇ ಇತ್ತು. ಮಧ್ಯಾಹ್ನ ಮೂರೂವರೆ. ಸೂಜಿ ಹಿಡಿ ಕೈಯಲ್ಲಿತ್ತು. ಎರಡು ಚುಚ್ಚು ಹಾಕಿ ನೋಡೋಣ ಅನ್ನಿಸಿತು. ಆಗ ಹುಡುಗ ಕೇಳಿದ, "ಅಣ್ಣ, ಇದರ ತಂತಿ ಮುಟ್ಟಿ ನೋಡಿಲ್ಲ ಅಲ್ವಾ?"

ನೋಡಿರಲಿಲ್ಲ. ಸೂಜಿ ಕೆಳಗಿಟ್ಟೆ. ತಂತಿಯ ಸದ್ದು ಅಡಗಿಸುವ ಡ್ಯಾಂಪರ್‌ಗಳನ್ನು ಎತ್ತಿಟ್ಟು, ಸಣ್ಣ ಕೊಕ್ಕೆಯಿಂದ ಹ್ಯಾಮರನ್ನು ಮೇಲೆತ್ತಿ ತಂತಿಗೆ ಮೆಲ್ಲಗೆ ತಾಗಿಸಿ ಹಿಡಿದೆ. ಹುಡುಗ ಉಗುರಿನಿಂದ ಮೂರೂ ತಂತಿ ಒಂದೊಂದಾಗಿ ಮೀಟಿದ. ಬಲಗಡೆಯದು ಟಕ್. ನಡುವಿನದು ಟಕ್. ಎಡಗಡೆಯದು "ಟಿಂಯ್" ಎಂದು ಉದ್ದಕ್ಕೆ ಹಾಡಿತು. ಅಂದರೆ ಹ್ಯಾಮರ್ ಎರಡು ತಂತಿಗೆ ಕೂತಿದೆ, ಮೂರನೆಯದನ್ನು ಮುಟ್ಟಿಯೇ ಇಲ್ಲ. ನುಡಿಸಿದಾಗ ಎರಡಕ್ಕೆ ಮೊದಲು ಪೆಟ್ಟು, ಒಂದಕ್ಕೆ ತಡವಾಗಿ, ಅದೂ ಓರೆಯಾಗಿ. ಆ ಕಿರಿಚು ಫೆಲ್ಟಿನ ಗಟ್ಟಿತನದಿಂದ ಬಂದದ್ದೇ ಅಲ್ಲ. ನಾನು ಚುಚ್ಚಿದ್ದರೆ ಸರಿಯಿದ್ದ ಹ್ಯಾಮರ್ ಹಾಳಾಗುತ್ತಿತ್ತು, ಕಿರಿಚು ಅರ್ಧ ಉಳಿಯುತ್ತಿತ್ತು, ಇನ್ನಷ್ಟು ಚುಚ್ಚುತ್ತಿದ್ದೆ.

ಆಮೇಲೆ ಎಲ್ಲ ಮೂರು ತಂತಿ ಸ್ವರಗಳನ್ನೂ ಹಾಗೆಯೇ ಮೀಟಿದೆವು. 17 ಕಡೆ ಒಂದಲ್ಲ ಒಂದು ತಂತಿ ಹ್ಯಾಮರಿಗೆ ತಾಗದೆ ಉಳಿದಿತ್ತು. ಇಂಥ ಕಡೆ ಎರಡು ದಾರಿ ಇವೆ. ತಂತಿಗಳ ಮಟ್ಟ ಸರಿಮಾಡುವುದು ಒಂದು, ತಂತಿಗೆ ಹೊಂದುವ ಹಾಗೆ ಹ್ಯಾಮರಿನ ನೆತ್ತಿ ಉಜ್ಜುವುದು ಇನ್ನೊಂದು. ಹೊಸ ಪಿಯಾನೊದಲ್ಲಿ ತಂತಿ ತಾನು ತಿರುಗುವ ಜಾಗದಲ್ಲಿ ಇನ್ನೂ ಸ್ವಲ್ಪ ಬಾಗಿಕೊಂಡೇ ಇರುತ್ತದೆ. ಆದ್ದರಿಂದ ಮೊದಲು ತಂತಿಯನ್ನೇ ಕೊಕ್ಕೆ ಹಾಕಿ ಮೇಲಕ್ಕೆ ಎಳೆದು ನೇರ ಮಾಡಿದೆವು, ಸಣ್ಣ ರಸಮಟ್ಟ ಇಟ್ಟು ಮೂರೂ ಒಂದೇ ಮಟ್ಟಕ್ಕೆ ಬಂದವೇ ಎಂದು ನೋಡಿದೆವು. 12 ಸ್ವರ ಅಷ್ಟರಲ್ಲೇ ಸರಿಹೋದವು. ಉಳಿದ ಐದಕ್ಕೆ ಮಾತ್ರ ಸ್ಯಾಂಡ್‌ಪೇಪರಿನ ಕಿರು ಪಟ್ಟಿಯಿಂದ ಒಂದೆರಡು ಸಲ ಉಜ್ಜಿದೆವು. ಎಳೆದ ತಂತಿ ಶ್ರುತಿ ಇಳಿಯುತ್ತದೆ, ಅವನ್ನೆಲ್ಲ ಮತ್ತೆ ಏರಿಸಬೇಕಾಯಿತು. ಬೇಸರದ ಕೆಲಸ, ಸಂಜೆಯೇ ಆಗಿಹೋಯಿತು. ಆದರೆ 13ರ ಪಟ್ಟಿ 8ಕ್ಕೆ ಇಳಿದಿತ್ತು, 59ನೇ ಕೀ ಪಟ್ಟಿಯಿಂದ ಹೊರಗೆ ಹೋಗಿತ್ತು.

ಇನ್ನೊಂದು ನೋಡಿದ್ದು ಹ್ಯಾಮರ್ ಬಿಡುಗಡೆಯ ಜಾಗ. ಕೀಯನ್ನು ನಿಧಾನ ಒತ್ತಿದರೆ ಹ್ಯಾಮರ್ ತಂತಿಗೆ ಇನ್ನೇನು ತಾಗಬೇಕು ಅನ್ನುವಲ್ಲಿ ಜಾರಿ ಕೆಳಗಿಳಿಯುತ್ತದೆ. ಆ ಅಂತರ ಕೆಲವು ಕಡೆ 1 ಮಿಲಿಮೀಟರ್, ಕೆಲವು ಕಡೆ 4 ಇತ್ತು. ನಾಲ್ಕು ಇದ್ದಲ್ಲಿ ಮೆಲ್ಲಗೆ ನುಡಿಸಿದರೆ ಸ್ವರ ಹುಟ್ಟುವುದೇ ಕಷ್ಟ. ಮೇಲಿನ ಸ್ಥಾಯಿಗಳಲ್ಲಿ ಒಂದೂವರೆ, ಕೆಳಗೆ ಮೂರರ ಹತ್ತಿರಕ್ಕೆ ತಂದೆವು. 8ರ ಪಟ್ಟಿಯಿಂದ ಒಂದು ಮಾತ್ರ ಕಡಿಮೆಯಾಯಿತು. ಆದರೆ ಪಿಯಾನೊ ಪೂರ್ತಿ ಮೆಲುದನಿಯಲ್ಲಿ ಮಾತಾಡಲು ಶುರು ಮಾಡಿದ್ದು ಇಲ್ಲಿಂದ.

ಸಂಜೆ ಆರೂವರೆಗೆ ಉಳಿದದ್ದು 7 ಸ್ವರ. ಮುಗಿಸಿ ಬೆಂಗಳೂರಿಗೆ ಹೊರಡಬಹುದು ಎಂದು ಹುಡುಗನಿಗೆ ಅನ್ನಿಸಿತ್ತು. ನಾನು ಬೇಡ ಎಂದೆ. ಎಂಟು ಗಂಟೆ ಒಂದೇ ಸ್ವರ ಹೊಡೆದು ಕೇಳಿದ ಕಿವಿಗೆ ಎಲ್ಲವೂ ಚುಚ್ಚುತ್ತದೆ. ಸುಸ್ತಾದ ಕಿವಿ ಹೇಳಿದ್ದನ್ನು ನಂಬಿ ಸೂಜಿ ಹಿಡಿಯಬಾರದು. ರಾತ್ರಿ ಮೈಸೂರಿನಲ್ಲೇ ಉಳಿದೆವು.

ಎರಡನೆಯ ದಿನ

ಬೆಳಿಗ್ಗೆ ಮತ್ತೆ ಕೇಳಿದಾಗಲೂ ಅದೇ 7. ಅವುಗಳಲ್ಲಿ ಮೂರು ಹರಿತ, ನಾಲ್ಕು ಮಂಕು. ಆ ನಾಲ್ಕು 54, 56, 61 ಮತ್ತು 63ನೇ ಕೀಗಳು, ಡಿಸೆಂಬರಿನಲ್ಲಿ ಸೂಜಿ ಬಿದ್ದವು. ಅವುಗಳ ನಡತೆ ವಿಚಿತ್ರವಾಗಿತ್ತು. ಮೆಲ್ಲಗೆ ನುಡಿಸಿದರೆ ಬಟ್ಟೆ ಹೊದ್ದ ಹಾಗೆ, ಜೋರಾಗಿ ನುಡಿಸಿದರೆ ಒಮ್ಮೆಗೇ ಒರಟು. ಆಕ್ಷನ್ ಹೊರಗೆಳೆದು ದೀಪ ಹಿಡಿದು ನೋಡಿದೆ. ನೆತ್ತಿಯ ಮೇಲೆ, ತಂತಿ ಬಡಿಯುವ ಜಾಗದಲ್ಲೇ, ಸೂಜಿ ತೂತುಗಳು ಒತ್ತೊತ್ತಾಗಿ ಇದ್ದವು. ಎಳೆಗಳು ಹಳೆ ಸ್ವೆಟರಿನ ಹಾಗೆ ನಿಮಿರಿದ್ದವು. ಪಕ್ಕದ ಭುಜಗಳಲ್ಲಿ ಒಂದು ತೂತೂ ಇಲ್ಲ. ಮೇಲ್ಪದರ ಸತ್ತಿದೆ, ಒಳಗು ಕಾರ್ಖಾನೆಯಿಂದ ಬಂದಷ್ಟೇ ಬಿಗಿ.

ಹ್ಯಾಮರಿಗೆ ನಮ್ಯತೆ ಬರುವುದು ಭುಜದಿಂದ. ಗಡಿಯಾರದ ಮುಖ ಎಂದುಕೊಂಡರೆ ಹತ್ತರಿಂದ ಎರಡರ ನಡುವಿನ ಭಾಗವನ್ನು ಬಿಟ್ಟು, ಎರಡೂ ಪಕ್ಕದಲ್ಲಿ ಒಳಗಿನ ಮರದ ಕಡೆ ಮುಖ ಮಾಡಿ ಚುಚ್ಚಬೇಕು. ಬಿಗಿದ ಪದರಗಳು ಅಲ್ಲಿ ಸಡಿಲಗೊಂಡರೆ ನೆತ್ತಿ ಗಟ್ಟಿಯಾಗಿಯೇ ಇದ್ದು ಕೆಳಗೆ ಸ್ಪ್ರಿಂಗ್ ಇದ್ದಂತಾಗುತ್ತದೆ. ಮೆಲುದನಿಯಲ್ಲಿ ಸ್ಪಷ್ಟತೆ ಉಳಿಯುತ್ತದೆ, ಜೋರುದನಿಯಲ್ಲಿ ಒರಟು ಹೋಗುತ್ತದೆ. ನೆತ್ತಿಗೆ ಚುಚ್ಚುವುದು ಬೇಗ ಫಲ ಕೊಡುತ್ತದೆ, ಗಿರಾಕಿ ಎದುರಿಗೇ ಸ್ವರ ತಣ್ಣಗಾಗುತ್ತದೆ. ಅದಕ್ಕೇ ಅದು ಅಪಾಯ.

ಇಲ್ಲಿ ಮನೆಯೊಳಗೇ ಒಂದು ಭಿನ್ನಾಭಿಪ್ರಾಯ ಬಂತು. ಮೇಡಂಗೆ ಆ ನಾಲ್ಕು ಮಂಕು ಸ್ವರಗಳು ಮೆಲ್ಲಗೆ ನುಡಿಸುವಾಗ ಇಷ್ಟವೇ ಆಗಿದ್ದವು. "ನಮ್ಮ ಹಳೇ ಪಿಯಾನೊ ಹೀಗೇ ಇತ್ತು. ಎಲ್ಲವನ್ನೂ ಇದಕ್ಕೇ ಹೊಂದಿಸಿಬಿಡಿ ಸರ್." ಮಗಳು ಡಿಪ್ಲೊಮಾ ಪರೀಕ್ಷೆಗೆ ತಯಾರಿ ಮಾಡುತ್ತಿದ್ದಳು. ಅವಳು ಒಪ್ಪಲಿಲ್ಲ. "ಅಮ್ಮಾ, ಆಮೇಲೆ ಇದಕ್ಕೂ ಅದಕ್ಕೂ ಏನು ವ್ಯತ್ಯಾಸ?"

ನಾನು ಮಗಳ ಪರ ನಿಂತೆ. ನಾಲ್ಕು ಗಾಯಗೊಂಡ ಹ್ಯಾಮರಿಗೆ ಸರಿಸಮ ಮಾಡಲು 84 ಚೆನ್ನಾಗಿರುವ ಹ್ಯಾಮರುಗಳನ್ನು ಗಾಯ ಮಾಡುವ ಕೆಲಸ ಅದು. ಮಾತಿನಲ್ಲಿ ಹೇಳಿದರೆ ಸಾಲದು ಎಂದು 52ನೇ ಕೀ ಮತ್ತು 54ನೇ ಕೀ ಎರಡನ್ನೂ ಜೋರಾಗಿ ನುಡಿಸಿ ತೋರಿಸಿದೆ. 52 ತುಂಬಿಕೊಂಡು ಬಂತು, 54 ಬೊಗಳಿತು. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ 52ನ್ನೇ ಮಾದರಿ ಇಟ್ಕೊಳ್ಳಿ" ಎಂದರು. ಮಾದರಿ ಸ್ವರವನ್ನು ಮನೆಯವರ ಎದುರೇ, ಅವರ ಬಾಯಿಂದಲೇ ನಿಗದಿ ಮಾಡಿಸಿದ್ದು ಈ ಪ್ರಕರಣದಲ್ಲಿ ನಾನು ತೆಗೆದುಕೊಂಡ ಅತಿ ಉಪಯುಕ್ತ ನಿರ್ಧಾರ. ಆಮೇಲೆ ರುಚಿಯ ಜಗಳ ಬರಲಿಲ್ಲ.

ಮೂರು ಹರಿತ ಸ್ವರಗಳಿಗೆ ಮೂರು ಸೂಜಿಯ ಹಿಡಿಯಿಂದ, ಸೂಜಿ 7 ಮಿಲಿಮೀಟರ್ ಹೊರಗಿಟ್ಟು, ಎರಡೂ ಭುಜಕ್ಕೆ ನಾಲ್ಕು ನಾಲ್ಕು ಚುಚ್ಚು. ಪ್ರತಿ ಸಲವೂ ಆಕ್ಷನ್ ಒಳಗೆ ತಳ್ಳಿ, ಕೀಯನ್ನು ಹತ್ತು ಸಲ ಜೋರಾಗಿ ಹೊಡೆದು, ಆಮೇಲೆ ಕೇಳಿದೆವು. ಚುಚ್ಚಿದ ಕೂಡಲೇ ಎಳೆಗಳು ನಿಮಿರಿ ಸ್ವರ ಸುಳ್ಳು ಹೇಳುತ್ತದೆ. ಹೊಡೆದು ಕೂರಿಸಿದ ಮೇಲೆ ಕೇಳುವುದೇ ನಿಜವಾದ ನಾದ. ಎರಡು ಸುತ್ತಿನಲ್ಲಿ ಎರಡು ಸ್ವರ ಮಾದರಿಗೆ ಬಂದವು. ಮೂರನೆಯದಕ್ಕೆ ಮೂರು ಸುತ್ತು ಬೇಕಾಯಿತು. ಇಡೀ ಪಿಯಾನೊದಲ್ಲಿ ಆ ದಿನ ಸೂಜಿ ಬಿದ್ದ ಹರಿತ ಹ್ಯಾಮರ್ ಆ ಮೂರೇ.

ಗಾಯಗೊಂಡ ನಾಲ್ಕರ ಕೆಲಸ ಕಷ್ಟದ್ದು. ಮೊದಲು ನೆತ್ತಿಯ ನಿಮಿರಿದ ಎಳೆಗಳನ್ನು ಸಣ್ಣ ಸ್ಯಾಂಡ್‌ಪೇಪರಿನಿಂದ ತೆಗೆದು, ಬಿಸಿ ಕಬ್ಬಿಣದ ಪಟ್ಟಿಯಿಂದ ಮೆಲ್ಲಗೆ ಇಸ್ತ್ರಿ ಮಾಡಿದೆ. ಭುಜಕ್ಕೆ ಎರಡೆರಡು ಚುಚ್ಚು ಹಾಕಿ ಒಳಗಿನ ಬಿಗಿತ ಇಳಿಸಿದೆ. ಮೂರು ಬದುಕಿದವು. 61ನೇ ಕೀ, ಒಂದು ಎ ಸ್ವರ, ಮಂಕಾಗಿಯೇ ಉಳಿಯಿತು. ಅಲ್ಲಿ ತೂತು ಆಳಕ್ಕೆ ಹೋಗಿತ್ತು.

ಗಟ್ಟಿ ಮಾಡುವ ದ್ರಾವಣ ನನ್ನ ಪೆಟ್ಟಿಗೆಯಲ್ಲಿತ್ತು. ಅಸಿಟೋನಿನಲ್ಲಿ ಕರಗಿಸಿದ ಅಕ್ರಿಲಿಕ್ ರಾಳ ಅದು. ಹುಡುಗ ಚಳ್ಳಕೆರೆ ಕಡೆಯವನು, ಅವರ ಊರಿನಲ್ಲಿ ಕಂಬಳಿ ನೇಯುತ್ತಾರೆ. ಬಾಟಲಿ ನೋಡಿ, "ಅಣ್ಣ, ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡ್ತಾರಲ್ಲ, ಅದೇ ತಾನೆ?" ಎಂದ. ಅದೇ. ಉಣ್ಣೆಯ ಎಳೆಗಳ ನಡುವೆ ಇಳಿದು, ಒಣಗಿ, ಅವನ್ನು ಒಂದಕ್ಕೊಂದು ಹಿಡಿದಿಡುತ್ತದೆ. ಮೆತ್ತಗಿನ ಹ್ಯಾಮರ್ ಹಾಕುವ ಕಾರ್ಖಾನೆಗಳು ಲ್ಯಾಕರ್ ಸುರಿದೇ ನಾದ ತರುತ್ತವೆ. ನ್ಯೂಯಾರ್ಕಿನ ಸ್ಟೈನ್‌ವೇ ಪದ್ಧತಿ ಅದು. ಅದೇ ಕಂಪನಿಯ ಹ್ಯಾಂಬರ್ಗ್ ಪದ್ಧತಿ ಉಲ್ಟಾ, ಗಟ್ಟಿ ಹ್ಯಾಮರನ್ನು ಸೂಜಿಯಿಂದ ಇಳಿಸುವುದು. ಇಲ್ಲಿದ್ದವು ಗಟ್ಟಿ ಹ್ಯಾಮರುಗಳು. ಅಂಥದ್ದಕ್ಕೆ ರಾಳ ಹಾಕಿದರೆ ಲೋಹದ ನಾದ ಬರುವ ಭಯವಿತ್ತು. ಒಂದು ತಿಂಗಳು ಕಾಯಲು ಹೇಳಿದೆ. ಮಗಳು ಆ ಒಂದು ಸ್ವರವನ್ನು ದಿನಾ ಐವತ್ತು ಸಲ ಜೋರಾಗಿ ಹೊಡೆಯಬೇಕು, ಅಷ್ಟೇ.

ಹೊರಡುವ ಮೊದಲು ಎಡ ಪೆಡಲ್ ಒತ್ತಿ ಇಡೀ ಕೀಬೋರ್ಡ್ ಇನ್ನೊಮ್ಮೆ ಕೇಳಿದೆವು. ಗ್ರ್ಯಾಂಡ್‌ನಲ್ಲಿ ಆ ಪೆಡಲ್ ಆಕ್ಷನ್ನನ್ನೇ ಪಕ್ಕಕ್ಕೆ ಸರಿಸುತ್ತದೆ, ತಂತಿಗೆ ಹ್ಯಾಮರಿನ ಬೇರೆ ಜಾಗ ತಾಗುತ್ತದೆ. ಹಾಗಾಗಿ ಆ ಜಾಗಕ್ಕೂ ಬೇರೆಯದೇ ಒಂದು ನಾದವಿದೆ, ಅದನ್ನೂ ಸಮ ಮಾಡಬೇಕು. ಇಲ್ಲಿ ಅದು ಬಹುಮಟ್ಟಿಗೆ ಸರಿಯೇ ಇತ್ತು, ಮುಟ್ಟಲಿಲ್ಲ.

ಆಮೇಲೆ ಆದದ್ದು

ಫೆಬ್ರವರಿ ಕೊನೆಗೆ ಹೋದಾಗ ಉಳಿದೆಲ್ಲ ಸ್ವರಗಳೂ ಹಾಗೇ ನಿಂತಿದ್ದವು. 61ರ ಮಂಕು ಸ್ವಲ್ಪ ಕಡಿಮೆಯಾಗಿತ್ತು, ಸಾಲದು. ಆಗ ತೆಳ್ಳಗಿನ ರಾಳ ಎರಡು ಹನಿ ಹಾಕಿದೆ. ಮರುದಿನ ಮೇಡಂ ಫೋನ್ ಮಾಡಿ, "ಈಗ ತಗಡು ಬಡಿದ ಹಾಗಿದೆ" ಎಂದರು. ನಾನು ಹೆದರಿದ್ದದ್ದೇ ಆಗಿತ್ತು. ಎರಡು ಹನಿಯ ಬದಲು ಒಂದು ಹಾಕಿ ಒಣಗಲು ರಾತ್ರಿಯಿಡೀ ಬಿಟ್ಟು ಕೇಳಬೇಕಿತ್ತು. ನಾನು ಬಸ್ಸಿನ ಹೊತ್ತು ನೋಡಿಕೊಂಡು ಕೆಲಸ ಮಾಡಿದ್ದೆ. ಮತ್ತೆ ಹೋಗಿ ತಂತಿಯ ಗುರುತುಗಳ ನಡುವೆ ಒಂದೇ ಸೂಜಿಯಿಂದ ಮೂರು ಸಲ ಮುಟ್ಟಿಸಿದೆ. ಮಧ್ಯಮ ಮತ್ತು ಜೋರುದನಿಯಲ್ಲಿ ಈಗ ಅದು ಪಕ್ಕದವುಗಳ ಜೊತೆ ಸೇರಿಕೊಂಡಿದೆ. ತೀರಾ ಮೆಲ್ಲಗೆ ನುಡಿಸಿದರೆ ನನಗೆ ಇಂದಿಗೂ ಅದು ಯಾವುದೆಂದು ಗೊತ್ತಾಗುತ್ತದೆ. ಹ್ಯಾಮರ್ ಬದಲಿಸಬಹುದಿತ್ತು, ಆದರೆ ಒಂದು ಹೊಸ ಹ್ಯಾಮರನ್ನು ನುಡಿಸಿ ಪಳಗಿದ 87ರ ನಡುವೆ ಕೂರಿಸುವುದು ಇನ್ನೊಂದು ಏರುಪೇರಿಗೆ ದಾರಿ. ಮೇಡಂ ಜೊತೆ ಮಾತಾಡಿ ಬೇಡ ಎಂದು ತೀರ್ಮಾನಿಸಿದೆವು.

ನಾನು ಕಂಡುಕೊಂಡದ್ದನ್ನು ಲೆಕ್ಕದಲ್ಲಿ ಹೇಳುವುದಾದರೆ, 16 ದೂರುಗಳಲ್ಲಿ ಫೆಲ್ಟಿನ ಹುಟ್ಟು ದೋಷ ಎನ್ನಬಹುದಾದದ್ದು 3. ನಾಲ್ಕು, ಅವಸರದ ರಿಪೇರಿಯಿಂದ ಹುಟ್ಟಿದವು. ಉಳಿದ ಒಂಬತ್ತಕ್ಕೂ ಹ್ಯಾಮರಿಗೂ ಸಂಬಂಧವೇ ಇರಲಿಲ್ಲ, ಅವು ತಂತಿ, ಸ್ಕ್ರೂ, ಅಳತೆಗಳಿಗೆ ಸೇರಿದ್ದವು. ಅಂಗಡಿಯಿಂದ ಹೊರಡುವ ಮೊದಲು ಯಾರಾದರೂ ಎರಡು ದಿನ ಕೂತು ಈ ಕೆಲಸ ಮಾಡಿದ್ದರೆ ಮೇಡಂ ಮೂರು ತಿಂಗಳು ನಿದ್ದೆಗೆಡುತ್ತಿರಲಿಲ್ಲ. ಲಕ್ಷಗಟ್ಟಲೆ ಹಣ ಕೊಟ್ಟು ವಾದ್ಯ ಕೊಳ್ಳುವವರು ಈ ಎರಡು ದಿನವನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಜುಲೈಯಲ್ಲಿ ಮತ್ತೆ ಫೋನ್ ಬಂತು. "ಎಲ್ಲಾ ಮಂಕಾಗಿದೆ ಸರ್, ಕೀ ಕೂಡ ಭಾರ." ತೇವಾಂಶ ಎಷ್ಟು ತೋರಿಸುತ್ತಿದೆ ಎಂದು ಕೇಳಿದೆ, 76 ಶೇಕಡಾ ಎಂದರು. ಮಳೆಗಾಲದಲ್ಲಿ ಫೆಲ್ಟ್ ನೀರಿನಂಶ ಕುಡಿದು ಮೆತ್ತಗಾಗುತ್ತದೆ, ಕೀಲುಗಳ ಬಟ್ಟೆ ಉಬ್ಬಿ ಬಿಗಿಯುತ್ತದೆ. ಮುಖ್ಯವಾದದ್ದು, ಎಲ್ಲವೂ ಒಟ್ಟಿಗೆ ಮಂಕಾಗಿದ್ದವು, ಒಂದೊಂದು ಒಂದೊಂದು ಥರ ಅಲ್ಲ. ಕೋಣೆಗೆ ತೇವ ಹೀರುವ ಯಂತ್ರ ತರಿಸಿ ತೇವಾಂಶ 50ರ ಆಸುಪಾಸು ಹಿಡಿಯಲು ಹೇಳಿದೆ, ಹ್ಯಾಮರ್ ಮುಟ್ಟಲಿಲ್ಲ. ಮಳೆಗಾಲದ ನಾದಕ್ಕೆ ರಾಳ ಹಾಕಿದ್ದರೆ ಮಾರ್ಚಿನಲ್ಲಿ ಪಿಯಾನೊ ಕಿರಿಚುತ್ತಿತ್ತು.

ಪಿಯಾನೊ ಬೆಂಚಿನ ಮುಚ್ಚಳದ ಕೆಳಗೆ ಒಂದು ಹಾಳೆ ಇಟ್ಟು ಬಂದಿದ್ದೇನೆ. ಯಾವ ಕೀಗೆ ಯಾವ ದಿನ ಎಷ್ಟು ಚುಚ್ಚು, ಎಲ್ಲಿ ಉಜ್ಜಿದ್ದು, 61ಕ್ಕೆ ಎಷ್ಟು ಹನಿ, ಅದರಲ್ಲಿ ತಪ್ಪಿದ್ದು ಏನು, ಎಲ್ಲವೂ ಪೆನ್ಸಿಲಿನಲ್ಲಿ ಇದೆ. ಮುಂದೆ ಯಾರು ಬಂದರೂ ಅದನ್ನು ಓದಿ ಆಮೇಲೆ ಆಕ್ಷನ್ ಎಳೆಯಲಿ ಎಂದು ಮೇಡಂಗೆ ಹೇಳಿದ್ದೇನೆ. ಕಳೆದ ಸಲ ಹೋದಾಗ ಹಾಳೆಯ ಕೆಳಗೆ ಮಗಳ ಕೈಬರಹದಲ್ಲಿ ಒಂದು ಸಾಲು ಸೇರಿತ್ತು: "61 ಅಕ್ಟೋಬರಿನಲ್ಲಿ ಚೆನ್ನಾಗಿದೆ, ಮುಟ್ಟಬೇಡಿ."